ತೆರಿಗೆ ಕಾಗದದ ಮೇಲೆ ನಮ್ಮೂರ ಹೆಸರು

ನನ್ನ ಫೋನಿನಲ್ಲಿ ಒಂದು ಲಕೋಟೆಯ ಫೋಟೋ ಇದೆ. ಜರ್ಮನಿಯ ತೆರಿಗೆ ಕಚೇರಿಯವರು ನನ್ನ ತಂಗಿಗೂ ಅವಳ ಗಂಡನಿಗೂ ಸೇರಿಸಿ ಕಳಿಸಿದ ಕಾಗದ ಅದರೊಳಗಿತ್ತಂತೆ. ಕಾಗದದಲ್ಲಿ ಏನಿತ್ತೋ ನನಗೆ ತಿಳಿಯದು. ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಆದರೆ ಮೇಲಿನ ವಿಳಾಸವನ್ನು ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದಬಲ್ಲೆ. ಮೊದಲು ಗಂಡನ ಹೆಸರು, ಅದರ ಪಕ್ಕದಲ್ಲಿ ದಿಬ್ಬೂರಹಳ್ಳಿ. ಆಮೇಲೆ ನನ್ನ ತಂಗಿಯ ಹೆಸರು, ಅದರ ಪಕ್ಕದಲ್ಲೂ ದಿಬ್ಬೂರಹಳ್ಳಿ.

ಅದನ್ನು ನಾನು ಕಂಡಕಂಡವರಿಗೆಲ್ಲ ತೋರಿಸಿದ್ದೇನೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೋರಿಸಿದ್ದೇನೆ, ಚಿಂತಾಮಣಿಯ ಬಟ್ಟೆ ಅಂಗಡಿಯಲ್ಲಿ ತೋರಿಸಿದ್ದೇನೆ. ಅಂಗಡಿಯವರು ನೋಡಿ ನಕ್ಕರು: "ಟ್ಯಾಕ್ಸ್ ಕಾಗ್ದ ಬಂದ್ರೆ ಜನ ಬಚ್ಚಿಡ್ತಾರೆ. ಊರಿಗೆಲ್ಲ ತೋರ್ಸ್ಕೊಂಡು ತಿರುಗೋರ್ನ ಇವತ್ತೇ ಕಣಮ್ಮ ನೋಡಿದ್ದು."

ಈ ಹೆಸರಿನ ಹಿಂದೆ ಒಂದು ಕತೆ ಇದೆ. ನಮ್ಮ ಎರಡೂ ಮನೆಗಳಲ್ಲಿ ಅದನ್ನು ಹೇಳಿಕೊಂಡು ನಗುತ್ತಾರೆ. ನಾನೂ ನಗುತ್ತಿದ್ದೆ. ಆ ಕತೆಯಲ್ಲಿ ಒಂದು ಮಾತು ಸುಳ್ಳು. ಸೇರಿಸಿದವಳು ನಾನು.

ದಿಬ್ಬೂರಹಳ್ಳಿ ನನ್ನ ತವರು. ಅಪ್ಪ ಬೇಗ ಹೋದರು. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಕೈ ಕಡಿಮೆಯಾದರೆ ಶಾಲೆ ಬಿಡುವುದು ದೊಡ್ಡ ಮಕ್ಕಳೇ. ನಾನು ಸೊಪ್ಪು ಕೊಯ್ಯುವುದಕ್ಕೆ ನಿಂತೆ. ತಂಗಿ ಓದಿದಳು. ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗ್ ಮುಗಿಸಿ, ಅಲ್ಲೇ ಕೆಲಸ ಮಾಡುತ್ತಾ ಜರ್ಮನ್ ಭಾಷೆ ಕಲಿತು, ಆ ದೇಶದ ಆಸ್ಪತ್ರೆಗೆ ಹೋದಳು. ಬಸ್ಸಿನಲ್ಲಿ ಅವಳು ಆ ಭಾಷೆಯ ಪಾಠವನ್ನು ಬಾಯಿಪಾಠ ಮಾಡುತ್ತಿದ್ದರೆ ಪಕ್ಕದವರು ಮಂತ್ರ ಹೇಳುತ್ತಿದ್ದಾಳೆಂದು ಸರಿದು ಕೂರುತ್ತಿದ್ದರು.

ನನಗೆ ಹದಿನೆಂಟು ತುಂಬಿದ ಮೇಲೆ ಸೋದರಮಾವನಿಗೇ ಕೊಟ್ಟರು. ಚಿಂತಾಮಣಿ ಕಡೆಯ ಹಳ್ಳಿ. ನನ್ನ ಅಜ್ಜಿಯೇ ನನಗೆ ಅತ್ತೆಯಾದರು. ನಮ್ಮ ಗಂಡ ಒಳ್ಳೆಯವರು, ಆ ಬಗ್ಗೆ ದೂರಿಲ್ಲ. ಆದರೆ ಒಂದು ತೊಡಕಾಯಿತು. ಅಮ್ಮ ನನಗೆ ತನ್ನ ತಾಯಿಯ ಹೆಸರನ್ನೇ ಇಟ್ಟಿದ್ದಳು. ಅಜ್ಜಿಯ ಹೆಸರು ಹಿಡಿದು ಆ ಮನೆಯಲ್ಲಿ ಯಾರು ಕೂಗುತ್ತಾರೆ? ಗಂಡ ಕೂಗಿದರೆ ತಾಯಿಯ ಹೆಸರು ಹಿಡಿದ ಹಾಗೆ. ಅಜ್ಜಿ ಬೈದರೆ ತನ್ನನ್ನೇ ಬೈದುಕೊಂಡ ಹಾಗೆ. ಮನೆ ಹೊಕ್ಕ ದಿನವೇ ಅಜ್ಜಿ ತೀರ್ಮಾನ ಮಾಡಿದರು: "ಇನ್ಮೇಲೆ ಇವ್ಳು ಅಮ್ಮಣ್ಣಿ." ಅಲ್ಲಿಗೆ ಮುಗಿಯಿತು. ಪಡಿತರ ಚೀಟಿ ಮಾಡಿಸುವಾಗ ಯಾರೋ ಅದನ್ನೇ ಬರೆಸಿದರು. ನಾನು ಯಾವ ಕಚೇರಿಗೂ ಹೋಗದೆ, ಯಾವ ಅರ್ಜಿಯೂ ಕೊಡದೆ ನನ್ನ ಹೆಸರು ಬದಲಾಯಿತು. ಹೆಸರು ಹೋಯಿತೆಂದು ಬೇಜಾರು ಮಾಡಿಕೊಳ್ಳಬಹುದು ಎನ್ನುವುದು ಆಗ ನನಗೆ ಹೊಳೆದೂ ಇರಲಿಲ್ಲ.

ತಂಗಿಯ ವಿಷಯದಲ್ಲೂ ಒಂದು ಮಾತು ಇತ್ತು. ಅವಳನ್ನು ತೊಟ್ಟಿಲಿಗೆ ಹಾಕಿದ ದಿನ ಅಜ್ಜಿ, "ಈ ಕೂಸು ನನ್ನ ಚಿಕ್ಕ ಮಗನಿಗೆ" ಎಂದಿದ್ದರು. ನಮ್ಮ ಕಡೆ ಅದಕ್ಕೆ ತೊಟ್ಟಿಲಲ್ಲಿ ಕೊಡುವುದು ಎನ್ನುತ್ತಾರೆ. ಆಡಿದ ಮಾತು ಅಷ್ಟೇ. ನಡೆದರೆ ನಡೆಯಿತು, ಇಲ್ಲದಿದ್ದರೆ ಇಲ್ಲ. ಬೇಡದ ಕಡೆಯವರು ಹೆಣ್ಣು ಕೇಳಿಕೊಂಡು ಬಂದಾಗ ಮರ್ಯಾದೆಯಿಂದ ಕಳಿಸಲು ಮಾತ್ರ ಆ ಮಾತು ಉಪಯೋಗಕ್ಕೆ ಬರುತ್ತದೆ. "ತೊಟ್ಲಲ್ಲೇ ಕೊಟ್ಟಾಗಿದೆ" ಅಂದರೆ ಕೇಳಲು ಬಂದವರು ಮಜ್ಜಿಗೆ ಕುಡಿದು ಎದ್ದು ಹೋಗುತ್ತಾರೆ. ಚಿಕ್ಕಮಾವ ತನ್ನ ಪಾಡಿಗೆ ಟೊಮೆಟೊ ಸಾಗಿಸುವ ಟೆಂಪೊ ಓಡಿಸಿಕೊಂಡಿದ್ದರು. ತಂಗಿಯ ಮೇಲೆ ಅವರಿಗೂ ಆಸೆ ಇರಲಿಲ್ಲ, ಅವಳಿಗೂ ಇರಲಿಲ್ಲ.

ತಂಗಿ ಅಲ್ಲಿಯವನೊಬ್ಬನನ್ನು ಮೆಚ್ಚಿದಳು. ಬೇಕರಿಯಲ್ಲಿ ಬ್ರೆಡ್ ಸುಡುವವನು. ಅಮ್ಮ ಕೇಳಿ ತಲೆಗೆ ಕೈ ಹೊತ್ತಳು: "ಅಷ್ಟು ದೂರ ಹೋಗಿ ಬೇಕರಿಯವನಾ? ನಮ್ಮ ಬಸ್ ಸ್ಟ್ಯಾಂಡಲ್ಲಿ ಇರ್ಲಿಲ್ವೇನೇ?" ಅಮ್ಮನ ಕೋಪ ಅಷ್ಟಕ್ಕೇ ಮುಗಿಯಿತು. ಅವರಿಬ್ಬರೂ ಪಕ್ಕದ ಇನ್ನೊಂದು ದೇಶಕ್ಕೆ ಹೋಗಿ, ಅಲ್ಲಿ ಕಾಗದ ಪತ್ರ ಸುಲಭವಂತೆ, ಮದುವೆಯಾಗಿ ಬಂದರು. ಜರ್ಮನಿಯ ಕಚೇರಿಯವರು ಆ ಮದುವೆಯನ್ನು ತಮ್ಮ ಪುಸ್ತಕಕ್ಕೆ ಹತ್ತಿಸಬೇಕಾದರೆ ಅವಳಿಗೆ ಮೊದಲು ಮದುವೆಯಾಗಿರಲಿಲ್ಲ ಎನ್ನುವುದು ಅವಳ ಊರಿನಿಂದಲೇ ಖಾತ್ರಿಯಾಗಬೇಕಿತ್ತು. ಹತ್ತಿಸಿದರೆ ಹೆಸರು ಬದಲಾಯಿಸಿಕೊಳ್ಳಬಹುದು, ಗಂಡ ಹೆಂಡತಿ ಸೇರಿ ಒಂದೇ ತೆರಿಗೆ ಲೆಕ್ಕ ಕೊಡಬಹುದು. ಅಲ್ಲಿಯತನಕ ಅವಳು ಒಂಟಿ ಹೆಂಗಸು, ಒಂಟಿಯವರ ತೆರಿಗೆ.

ಒಂದು ದಿನ ವಿಡಿಯೋ ಕಾಲ್ ಮಾಡಿದಳು. ಅಮ್ಮನ ಹುಳದ ಕೆಲಸಕ್ಕೆ ಕೈಜೋಡಿಸಲು ನಾನಾಗ ತವರಿನಲ್ಲಿದ್ದೆ.

"ಅಕ್ಕಾ, ನಮ್ಮೂರಿಗೆ ಒಬ್ರು ಲಾಯರ್ ಬರ್ತಾರೆ, ಇಲ್ಲಿಯವ್ರ ಪರವಾಗಿ. ನನ್ನ ಬಗ್ಗೆ ಕೇಳ್ತಾರೆ. ಇದ್ದಿದ್ದು ಇದ್ದಂಗೆ ಹೇಳ್ಬಿಡಿ, ಸಾಕು."

"ಹೂಂ, ಹೇಳೋಣ ಬಿಡು."

"ಆಮೇಲೆ ಇನ್ನೊಂದು. ಇಲ್ಲಿ ಮದುವೆ ಆದೋರು ಯಾರ ಮನೆ ಹೆಸ್ರು ಬೇಕಾದ್ರೂ ಇಟ್ಕೊಬೋದಂತೆ. ಅವ್ರದ್ದು ನಾನು ಇಟ್ಕೊಬೋದು, ನಂದು, ಪಾಸ್‌ಪೋರ್ಟಲ್ಲಿ ನಮ್ಮೂರ ಹೆಸ್ರು ಇದೆಯಲ್ಲ ಅದು, ಅವ್ರು ಇಟ್ಕೊಬೋದು, ಇಬ್ರೂ ಇದ್ದಂಗೇ ಇರ್ಬೋದು. ಯಾವ್ದು ಮಾಡ್ಲಿ ಹೇಳೇ ಅಕ್ಕ?"

ಸೀರೆ ಅಂಗಡಿಯಲ್ಲಿ ಬಣ್ಣ ಆರಿಸುವವಳ ಹಾಗೆ ನಗುತ್ತಾ ಕೇಳಿದಳು. ನಾನೂ ನಕ್ಕು, "ನಿನ್ನಿಷ್ಟ" ಎಂದೆ. ಫೋನ್ ಇಟ್ಟು ಹುಳಕ್ಕೆ ಸೊಪ್ಪು ಹಾಕಲು ಹೋದೆ. ಇವಳನ್ನು ಒಂದು ದೇಶವೇ ಕೇಳುತ್ತಿದೆ, ನಿನಗೆ ಯಾವ ಹೆಸರು ಬೇಕಮ್ಮಾ ಅಂತ. ನನ್ನನ್ನು ನನ್ನ ಅಜ್ಜಿಯೂ ಕೇಳಲಿಲ್ಲ.

ಲಾಯರು ಬಂದದ್ದು ಹುಳ ಹಣ್ಣಾಗಿ ಗೂಡು ಕಟ್ಟಲು ನಿಂತ ದಿನ. ಹಣ್ಣಾದ ಹುಳವನ್ನು ಆಗಿಂದಾಗ್ಗೆ ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡದಿದ್ದರೆ ಸಿಕ್ಕಲ್ಲಿ ನೂಲು ಬಿಟ್ಟು ಗೂಡು ಹಾಳಾಗುತ್ತದೆ. ಅಂಥ ದಿನ ಯಾರು ಬಂದರೂ ಎರಡು ಮಾತಿನಲ್ಲಿ ಕಳಿಸುವುದೇ. ಅಮ್ಮ ಇನ್ನೂ ಒಂದಷ್ಟು ಚಂದ್ರಿಕೆ ಕೇಳಲು ಪಕ್ಕದ ಬೀದಿಗೆ ಹೋಗಿದ್ದಳು. ಬಾಗಿಲಲ್ಲಿ ನಾನೊಬ್ಬಳೇ, ಕೈತುಂಬ ಹುಳ.

ಬಂದವರು ತಂಗಿಯ ಹೆಸರನ್ನು ಊರು, ಅಪ್ಪನ ಹೆಸರು ಎಲ್ಲ ಸೇರಿಸಿ ಪೂರ್ತಿ ಹೇಳಿ, "ಇದು ಅವರ ಮನೇನಾ?" ಎಂದರು.

"ಹೌದು, ನನ್ನ ತಂಗಿ."

"ಅವರಿಗೆ ಮೊದಲು ಇಲ್ಲಿ ಮದುವೆ ಏನಾದರೂ ಆಗಿತ್ತಾ?"

"ಆಗಿದ್ಯಲ್ಲ. ನಮ್ಮ ಚಿಕ್ಕಮಾವನಿಗೆ ತೊಟ್ಲಲ್ಲೇ ಕೊಟ್ಟಾಗಿದೆ."

ಅವರು ತಲೆ ಎತ್ತಿ ನನ್ನ ಮುಖ ನೋಡಿದರು. "ತೊಟ್ಟಿಲಲ್ಲಾ?"

"ಹೂಂ. ಚಿಕ್ಕ ಕೂಸಿದ್ದಾಗ್ಲೇ."

ಬರೆದುಕೊಂಡರು. ನೀರು ಬೇಕಾ ಎಂದೆ. ಬೇಡ ಎಂದು ಹೋದರು. ನಾನು ಒಳಗೆ ಹೋಗಿ ಹುಳ ಬಿಟ್ಟೆ.

ಸ್ವಲ್ಪ ದಿನಕ್ಕೆ ತಂಗಿಯ ಫೋನ್ ಬಂತು. ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ.

"ಅಕ್ಕಾ, ನನಗೆ ಇಬ್ರು ಗಂಡಂದಿರಂತೆ! ಬಾಲ್ಯವಿವಾಹ ಅಂತ ಬರ್ಕೊಂಡ್ ಹೋಗಿದಾರೆ. ಒಬ್ಬ ಗಂಡ ಇರೋವಾಗ ಇನ್ನೊಬ್ಬನ್ನ ಕಟ್ಕೊಂಡಿದೀಯ ಅಂತ ಇಲ್ಲಿ ಎಲ್ಲ ನಿಲ್ಲಿಸ್ಬಿಟ್ಟಿದಾರೆ. ಯಾರೇ ಹಂಗಂದಿದ್ದು?"

ನಾನು ಒಪ್ಪಿಕೊಂಡೆ, ಅರ್ಧ. "ಹೆಣ್ಣು ಕೇಳ್ಕೊಂಡು ಬಂದವ್ರು ಅಂದ್ಕೊಂಡೆ ಕಣೇ. ಹುಳ ಬೇರೆ ಹಣ್ಣಾಗಿತ್ತು. ಕಳಿಸಿದ್ರೆ ಸಾಕು ಅಂತ ಹಂಗಂದೆ."

ಆಮೇಲೆ ಅವಳು ನಕ್ಕಳು. ಅಮ್ಮ ನಕ್ಕಳು. ನಮ್ಮ ಗಂಡ ನಕ್ಕರು. ಚಿಕ್ಕಮಾವನಂತೂ, "ಮದ್ವೇನೇ ಆಗ್ದೆ ನನ್ನ ಸಂಸಾರಸ್ಥನ್ನ ಮಾಡ್ಬಿಟ್ಯಲ್ಲೇ ಅಮ್ಮಣ್ಣಿ! ನನಗೂ ಟ್ಯಾಕ್ಸ್ ಕಮ್ಮಿ ಮಾಡ್ತಾರಾ ಕೇಳೇ!" ಎಂದರು. ಅಂದಿನಿಂದ ಇದು ಎರಡೂ ಮನೆಯ ನಗೆಮಾತಾಯಿತು.

ಹೆಣ್ಣು ಕೇಳಲು ಬರುವವರು ಹೇಗೆ ಬರುತ್ತಾರೆಂದು ನನಗೆ ಗೊತ್ತಿಲ್ಲವೇ? ಒಬ್ಬರೇ ಬರುವುದಿಲ್ಲ. ಹೆಂಗಸರಿಲ್ಲದೆ ಬರುವುದಿಲ್ಲ. ಮೊದಲು ಮಳೆ, ಆಮೇಲೆ ಹಸು, ಆಮೇಲೆ ಬೋರ್‌ವೆಲ್ ವಿಷಯ ಮಾತಾಡಿ, ಕೊನೆಗೆ ಹೆಣ್ಣಿನ ಮಾತೆತ್ತುತ್ತಾರೆ. ಕಪ್ಪು ಷೂ ಹಾಕಿಕೊಂಡು, ಕಂಕುಳಲ್ಲಿ ಫೈಲು ಇಟ್ಟುಕೊಂಡು, ಅಪ್ಪನ ಹೆಸರು ಸಮೇತ ಕೇಳುವವರು ಯಾರು? ತಂಗಿ ಹೇಳಿದ್ದ ಲಾಯರು ಇವರೇ ಎಂದು ಅವರು ಬಾಯಿ ತೆಗೆದ ಕೂಡಲೇ ನನಗೆ ತಿಳಿದಿತ್ತು. ತಿಳಿದೇ ಹೇಳಿದೆ. ಹೇಳಿದರೆ ಏನಾಗುತ್ತದೆಂದು ಪೂರ್ತಿ ಗೊತ್ತಿರಲಿಲ್ಲ. ಅವಳಿಗೆ ಸಿಗಲಿರುವುದು ಸ್ವಲ್ಪ ತಡವಾಗಲಿ ಎನಿಸಿತ್ತು, ಅದು ನಿಜ.

ಸರಿಪಡಿಸಲು ಅಲ್ಲಿಯವರು ದಾರಿ ತೋರಿಸಿದ್ದರು. ಮೊದಲು ಹೇಳಿದವರೇ ನೋಟರಿಯ ಮುಂದೆ ಪ್ರಮಾಣ ಮಾಡಿ ಬರೆದುಕೊಡಬೇಕು. ಲಾಯರು ಇನ್ನೊಮ್ಮೆ ಬಂದು ಎರಡೂ ಊರಿನವರನ್ನು ಕೇಳುತ್ತಾರೆ. ನಾನು ನಾಳೆ ನಾಡಿದ್ದು ಎಂದು ದೂಡಿದೆ. ಹುಳ ಇದೆ ಎಂದೆ, ಕಡಲೆಕಾಯಿ ಕೀಳಬೇಕು ಎಂದೆ, ಮೈ ಸರಿ ಇಲ್ಲ ಎಂದೆ. ತಂಗಿ ಕೇಳುತ್ತಲೇ ಇದ್ದಳು, ಕೋಪ ಮಾಡಿಕೊಳ್ಳದೆ. ಅಲ್ಲಿ ಅವಳ ಒಂದು ವರ್ಷದ ತೆರಿಗೆ ಲೆಕ್ಕ ಒಂಟಿ ಹೆಂಗಸಿನದಾಗಿಯೇ ಹೋಯಿತು. ಆಸ್ಪತ್ರೆಯಲ್ಲಿ ಯಾರಾದರೂ ಮದುವೆಯಾಗಿದೆಯಾ ಎಂದರೆ ಏನು ಹೇಳಬೇಕೋ ಗೊತ್ತಾಗಲ್ಲ ಎಂದು ಒಮ್ಮೆ ಹೇಳಿದಳು.

ಆಮೇಲೊಂದು ಭಾನುವಾರ ಅವಳು ಫೋನನ್ನು ಗಂಡನ ಕಡೆ ತಿರುಗಿಸಿದಳು. ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಮನೆಯಲ್ಲೂ ಬ್ರೆಡ್ ನಾದುತ್ತಿದ್ದ. ತಂಗಿ ಏನೋ ಅಂದಳು. ಅವನು ನೆಟ್ಟಗೆ ನಿಂತು, ಹಳ್ಳದಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುವವನ ಹಾಗೆ ಹೇಳಿದ: "ದಿಬ್... ಬೂ... ರ... ಹಳ್... ಳಿ."

"ಇವ್ರ ಹೆಸ್ರು ಇಲ್ಲಿ ಬೀದಿಗೆ ಹತ್ತು ಮನೆಗಿದೆಯಂತೆ ಅಕ್ಕ. ನಮ್ಮೂರ ಹೆಸ್ರು ಈ ದೇಶದಲ್ಲೇ ಯಾರಿಗೂ ಇಲ್ವಂತೆ. ಅದನ್ನೇ ಇಟ್ಕೊತೀನಿ ಅಂತ ದಿನಾ ಪ್ರಾಕ್ಟೀಸ್ ಮಾಡ್ತಿದಾರೆ. ಆದ್ರೆ ಮೊದ್ಲು ನನ್ನ ಮದ್ವೆ ಮದ್ವೇನೇ ಅಂತ ಆಗ್ಬೇಕಲ್ಲ."

ಅವನು ಮತ್ತೆ ಮೊದಲಿಂದ ಹೇಳಿದ. 'ಳ'ಕಾರಕ್ಕೆ ನಾಲಿಗೆ ಮಡಿಸಲು ಮುಖವನ್ನೆಲ್ಲ ಮುದುಡಿಕೊಂಡ. ನನಗೆ ತಡೆಯಲಾಗಲಿಲ್ಲ. ಯಾರೋ ಎಲ್ಲಿಯೋ ಹುಟ್ಟಿದವನು ನಮ್ಮ ಊರನ್ನು ಹೊತ್ತುಕೊಳ್ಳಲು ಇಷ್ಟು ಪಾಡುಪಡುತ್ತಿದ್ದಾನೆ. ಅಲ್ಲಿ ಹುಟ್ಟಿದ ನಾನು ಅಡ್ಡ ಕೂತಿದ್ದೇನೆ. ಮರುದಿನ ಬೆಳಗಿನ ಬಸ್ಸಿಗೇ ಶಿಡ್ಲಘಟ್ಟಕ್ಕೆ ಹೋದೆ.

ಕೋರ್ಟಿನ ಎದುರು ಕೂತಿದ್ದ ನೋಟರಿ ನನ್ನ ಆಧಾರ್ ನೋಡಿದರು, ಪಡಿತರ ಚೀಟಿ ನೋಡಿದರು. ಒಂದರಲ್ಲಿ ಹುಟ್ಟು ಹೆಸರು, ಇನ್ನೊಂದರಲ್ಲಿ ಅಮ್ಮಣ್ಣಿ.

"ತಂಗಿ ಯಾರು ಅಂತ ಹೇಳೋಕ್ ಬಂದಿದೀರಿ, ಸರಿ. ನೀವು ಯಾರು ಅಂತ ಮೊದ್ಲು ಗೊತ್ತಾಗ್ಬೇಕಲ್ಲಮ್ಮಾ."

ಹೀಗಾಗಿ ಮೊದಲು ನನ್ನದೇ ಒಂದು ಪ್ರಮಾಣಪತ್ರವಾಯಿತು: ಈ ಎರಡು ಹೆಸರೂ ಒಬ್ಬಳದೇ ಎಂದು. ಟೈಪ್ ಮಾಡಿದ್ದನ್ನು ಅವರು ಗಟ್ಟಿಯಾಗಿ ಓದಿದರು. ನನ್ನ ಹುಟ್ಟು ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ. ಆಮೇಲೆ ತಂಗಿಯದು. "ತಪ್ಪು ತಿಳುವಳಿಕೆಯಿಂದ ಹೇಳಿರುತ್ತೇನೆ" ಎಂದು ಓದಿದರು.

"ತಪ್ಪು ತಿಳ್ಕೊಂಡಲ್ಲ ಸ್ವಾಮಿ" ಎಂದೆ. "ಗೊತ್ತಿದ್ದೇ ಹೇಳ್ದೆ."

ಅವರು ಕನ್ನಡಕ ಕೆಳಗಿಳಿಸಿ ನೋಡಿದರು. "ಹಂಗೆ ಬರೆದ್ರೆ ನಿಮ್ಮ ಮೇಲೆ ಕೇಸಾಗುತ್ತೆ, ತಂಗಿ ಕೆಲಸ ಇನ್ನೂ ತಡ ಆಗುತ್ತೆ. ಅವರಿಗೆ ಮದುವೆ ಆಗಿರ್ಲಿಲ್ಲ ತಾನೆ? ಅಷ್ಟು ಸಾಕು. ಸೈನ್ ಹಾಕಿ, ಹೋಗಿ."

ಹಾಕಿದೆ.

ಲಾಯರು ಎರಡನೇ ಸಲ ಬಂದಾಗ ನಮ್ಮ ಅತ್ತೆಮನೆಗೂ ಬಂದರು. ಹೊರಗಿನವರು ಬಂದರೆಂದು ಬೀದಿಯೇ ಸೇರಿತು. ಜಗಲಿಯ ಮೇಲೆ ಅಜ್ಜಿ ಕೂತಿದ್ದರು, ಪಕ್ಕದಲ್ಲಿ ಚಿಕ್ಕಮಾವ. ಎಲ್ಲರೆದುರು ನಾನು ಹೇಳಿದೆ: "ನನ್ನ ತಂಗೀನ ಯಾರಿಗೂ ಕೊಟ್ಟಿರ್ಲಿಲ್ಲ. ತೊಟ್ಲ ಮಾತು ಬರೀ ಮಾತು. ಅವ್ಳು ಯಾರ ಹೆಂಡ್ತೀನೂ ಆಗಿರ್ಲಿಲ್ಲ." ತೊಟ್ಟಿಲಿನ ಮಾತು ಆಡಿದವರು ಅಲ್ಲೇ ಕೂತಿದ್ದಾರೆ. ಅವರ ಮಾತನ್ನು ಬೀದಿಯಲ್ಲಿ ನಿಂತು ಬರೀ ಮಾತು ಅನ್ನುವುದು ನನಗೆ ಸುಲಭವಾಗಿರಲಿಲ್ಲ. ಅಜ್ಜಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ಹೌದಪ್ಪಾ" ಎಂದರು ಲಾಯರಿಗೆ. "ನಾನೂ ನೂರು ಆಡ್ತೀನಿ. ಎಲ್ಲ ನಡೀತದಾ?"

ಚಿಕ್ಕಮಾವ ಕೈ ಮುಗಿದು, "ಅಂತೂ ಬಿಡುಗಡೆ ಆಯ್ತು ಸ್ವಾಮಿ!" ಎಂದರು. ಲಾಯರೂ ನಕ್ಕರು.

ಅಲ್ಲಿ ಮದುವೆ ಪುಸ್ತಕಕ್ಕೆ ಹತ್ತಿ, ಗಂಡ ನಮ್ಮೂರ ಹೆಸರಿಟ್ಟುಕೊಂಡು, ಕೆಲವು ತಿಂಗಳಿಗೆ ಆ ಲಕೋಟೆಯ ಫೋಟೋ ಬಂತು. ಇಬ್ಬರೂ ಸೇರಿ ಕೊಟ್ಟ ಮೊದಲ ತೆರಿಗೆ ಲೆಕ್ಕಕ್ಕೆ ಬಂದ ಉತ್ತರ. ನಮ್ಮಲ್ಲಿ ಮನೆ ಕಂದಾಯದ ರಸೀದಿ ಗಂಡಸಿನ ಹೆಸರಿಗೆ ಬರುತ್ತದೆ. ಅದರಲ್ಲಿ ನನ್ನ ಹೆಸರನ್ನು ನಾನು ಹುಡುಕಿದ್ದೂ ಇಲ್ಲ. ಇಲ್ಲಿ ನೋಡಿದರೆ ಇಬ್ಬರ ಹೆಸರೂ ಅಕ್ಕಪಕ್ಕ ನಿಂತಿವೆ, ಎರಡರ ಜೊತೆಗೂ ಊರು. ತಂಗಿಯ ಹೆಸರಿನ ಹಿಂದೆ ಒಂದು ಬರೀ ಅಕ್ಷರವಾಗಿ ಮುದುಡಿಕೊಂಡಿದ್ದ ದಿಬ್ಬೂರಹಳ್ಳಿ ಮೈಮುರಿದು ಎದ್ದು ನಿಂತ ಹಾಗಿತ್ತು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಅದರಲ್ಲಿ ನನ್ನದೇನೂ ಇಲ್ಲ ಎನ್ನುವುದೂ ಮರೆತುಹೋಯಿತು.

ಹೋದ ಬೇಸಿಗೆಯಲ್ಲಿ ಇಬ್ಬರೂ ಬಂದರು. ಶಿಡ್ಲಘಟ್ಟ ಬಸ್ ನಿಲ್ದಾಣದಲ್ಲಿ ನಾವು ಮೂವರೂ ನಿಂತಿದ್ದಾಗ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು, "ದಿಬ್ಬೂರಳ್ಳಿ, ದಿಬ್ಬೂರಳ್ಳಿ, ದಿಬ್ಬೂರಳ್ಳೀ!" ಎಂದು ಕೂಗಿದ. ತಂಗಿಯ ಗಂಡ ತನ್ನನ್ನೇ ಕರೆದರೆಂದು, ಆಸ್ಪತ್ರೆಯಲ್ಲಿ ಸರದಿ ಬಂದವನ ಹಾಗೆ ಕೈ ಎತ್ತಿಬಿಟ್ಟ. ತಂಗಿ ಕನ್ನಡದಲ್ಲಿ ವಿವರಿಸಿದಳು. ಕಂಡಕ್ಟರಿಗೆ ನಂಬಿಕೆಯಾಗಲಿಲ್ಲ. ಪಾಸ್‌ಪೋರ್ಟ್ ತೆಗೆದು ತೋರಿಸಿದ ಮೇಲೆ, "ಊರೇ ಇವ್ರ ಹೆಸ್ರಲ್ಲಿದೆ, ಮುಂದಿನ ಸೀಟ್ ಬಿಡ್ರಪ್ಪಾ" ಎಂದು ಒಬ್ಬರನ್ನು ಎಬ್ಬಿಸಿ ಕೂರಿಸಿದ.

ಅಜ್ಜಿಯನ್ನು ನೋಡಲು ನಮ್ಮ ಹಳ್ಳಿಗೂ ಬಂದರು. ಅವನ ಕಡೆ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದಂತೆ. ತಂಗಿ ಅವನಿಗೆ ನನ್ನ ನಿಜವಾದ ಹೆಸರನ್ನೇ ಕಲಿಸಿದ್ದಳು. ಅಂಗಳದಲ್ಲಿ ನಿಂತು ಗಟ್ಟಿಯಾಗಿ ನನ್ನ ಹೆಸರು ಕೂಗಿದ. ನಾನು ತಿರುಗುವ ಮೊದಲೇ ಒಳಗಿಂದ ಅಜ್ಜಿ, "ಏಮಿ ನಾಯನಾ?" ಎಂದು ತೆಲುಗಿನಲ್ಲಿ, ಏನಪ್ಪಾ ಎನ್ನುವ ಹಾಗೆ, ಓಗೊಟ್ಟರು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಅಜ್ಜಿ ಹೊರಗೆ ಬಂದು ನನ್ನ ಮುಖ ನೋಡಿದರು. "ಅವ್ನು ನಿನ್ನ ಕರೆದಿದ್ದು. ಹೋಗು" ಎಂದರು.

ಮತ್ತೆ ತವರಿಗೆ ಹೋದಾಗ ಹುಳ ಹಣ್ಣಾಗಿದ್ದವು. ತಂಗಿಯೂ ನನ್ನ ಜೊತೆ ಆರಿಸಲು ಕೂತಳು, ಕೈ ಮರೆತಿರಲಿಲ್ಲ. ಆಚೆ ಅಮ್ಮ ಅಳಿಯನಿಗೆ ಅದೇ ಕತೆಯನ್ನು ಕೈಸನ್ನೆಯಲ್ಲಿ ಹೇಳುತ್ತಿದ್ದಳು, ತೊಟ್ಟಿಲು ತೂಗಿ ತೋರಿಸಿ. ಅವನು ನಗುತ್ತಿದ್ದ. ನನಗೆ ಅದನ್ನು ಕೇಳಿಕೊಂಡು ಕೂರಲಾಗಲಿಲ್ಲ.

"ಅವತ್ತು ನನಗೆ ಗೊತ್ತಿತ್ತು" ಎಂದೆ. "ಅವ್ರು ಲಾಯರ್ ಅಂತ. ಹೆಣ್ಣು ಕೇಳೋಕ್ ಬಂದೋರಲ್ಲ ಅಂತ."

ತಂಗಿಯ ಕೈ ನಿಂತಿತು. "ಯಾಕೆ ಮತ್ತೆ?"

"ಯಾವ ಹೆಸ್ರು ಬೇಕು ಅಂತ ನಿನ್ನ ಕೇಳ್ತಿದ್ರಲ್ಲ ಎಲ್ರೂ. ಹೊಟ್ಟೆಕಿಚ್ಚು."

ಅವಳು ಮುಂದಿದ್ದ ಚಂದ್ರಿಕೆಯನ್ನು ಪೂರ್ತಿ ತುಂಬಿಸಿದಳು. ಆಮೇಲೆ ಎದ್ದು ಕೈ ತೊಳೆದುಕೊಂಡು ಹೊರಗೆ ಹೋದಳು. ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ ತಲೆ ಎತ್ತದೆ ಹೇಳಿದಳು:

"ಆ ವರ್ಷ ನಾನು ಅಲ್ಲಿ ಎಷ್ಟು ಅತ್ತಿದೀನಿ ಗೊತ್ತಾ ನಿನಗೆ? ನಿಮ್ಮೆಲ್ಲರ ಜೊತೆ ಫೋನಲ್ಲಿ ನಕ್ಕು, ಇಟ್ಟ ಮೇಲೆ ಅಳ್ತಿದ್ದೆ."

"ಈಗ ಗೊತ್ತಾಯ್ತು."

"ಕ್ಷಮಿಸಿದೀನಿ ಅಂತ ಇವತ್ತೇ ಅನ್ನಲ್ಲ. ಬೈಯೋದೂ ಇಲ್ಲ. ಒಂದು ಮಾಡು. ಇನ್ಮೇಲೆ ಯಾರಾದ್ರೂ ಆ ಕತೆ ಎತ್ತಿದ್ರೆ, ಪೂರ್ತಿ ಹೇಳು."

ಅದಕ್ಕೇ ಇದನ್ನು ಬರೆದೆ. ಬರೆಯುವುದು ನನಗೆ ರೂಢಿಯಿಲ್ಲ, ಆದರೂ ಬರೆದೆ. ಮೊನ್ನೆ ಬಟ್ಟೆ ಅಂಗಡಿಯಲ್ಲಿ ನಾನು ಫೋನ್ ತೆಗೆಯುವ ಮೊದಲೇ ಅಂಗಡಿಯವರು ಪಕ್ಕದ ಗಿರಾಕಿಗೆ ಶುರು ಮಾಡಿದ್ದರು: "ಇವ್ರೇ ನೋಡಿ, ತಂಗೀನ ಮಾವನಿಗೆ ಕೊಟ್ಟಾಗಿದೆ ಅಂದ್ಬಿಟ್ರಂತೆ. ಪಾಪ, ಹೆಣ್ಣು ಕೇಳೋಕ್ ಬಂದವ್ರು ಅಂದ್ಕೊಂಡು..."

"ನಿಲ್ಲಿ" ಎಂದೆ. "ಅದು ಹಂಗಲ್ಲ. ನನಗೆ ಗೊತ್ತಿತ್ತು."

ಅವರ ನಗು ಅರ್ಧಕ್ಕೆ ನಿಂತಿತು. ನಾನು ಪೂರ್ತಿ ಹೇಳಿದೆ. ಹೇಳಿ ಮುಗಿಸಿದ ಮೇಲೆ ಲಕೋಟೆಯ ಫೋಟೋ ತೆಗೆದು ಎಂದಿನಂತೆ ತೋರಿಸಿದೆ, ಇಬ್ಬರಿಗೂ.